ಜಾಲಕ್ಕೆ ಕಾವಲು, ಕರೆ ಎತ್ತುವವರಿಗಲ್ಲ

ದೂರವಾಣಿ ಭದ್ರತೆಯ ಚರ್ಚೆಗಳಲ್ಲಿ ಸೆಷನ್ ಬಾರ್ಡರ್ ಕಂಟ್ರೋಲರ್‌ಗೆ, ಅಂದರೆ ಜಾಲದ ಗಡಿಯಲ್ಲಿ ನಿಂತು ಪ್ರತಿಯೊಂದು ಅಂತರಜಾಲ ಕರೆಯನ್ನೂ ತಡೆದು, ತಪಾಸಿಸಿ, ತಿದ್ದಿ ಮುಂದಕ್ಕೆ ಬಿಡುವ ಸಾಧನಕ್ಕೆ, ಸಂದಿರುವ ಕೀರ್ತಿ ಅದರ ಯೋಗ್ಯತೆಯನ್ನು ಮೀರಿದ್ದು. ಮಂಡ್ಯ ತಾಲ್ಲೂಕಿನ ಹೋಬಳಿ ಕೇಂದ್ರವಾದ ಬಸರಾಳಿನಲ್ಲಿ ರೈತನೊಬ್ಬ 4ಜಿ ಮೊಬೈಲಿನ ವೋಎಲ್‌ಟಿಇ ಸೌಲಭ್ಯದಲ್ಲಿ ಮಾತನಾಡಿದರೂ, ಫೈಬರ್ ಸಂಪರ್ಕದ ಮನೆ ಫೋನಿನಲ್ಲಿ ಮಾತನಾಡಿದರೂ, ಆ ಧ್ವನಿ ಪ್ಯಾಕೆಟ್ಟುಗಳಾಗಿ ಒಡೆದು, ಸಾಮಾನ್ಯವಾಗಿ ಇಂಥದೊಂದು ಗಡಿಯನ್ನು ಹಾದೇ ಕಂಪನಿಯ ಒಳಜಾಲವನ್ನು ಸೇರುತ್ತದೆ. ಆದುದರಿಂದ ಈ ಕಾವಲು ಯಾರಿಗಾಗಿ ಎಂಬ ಪ್ರಶ್ನೆ ಕೇವಲ ಎಂಜಿನಿಯರುಗಳದ್ದಲ್ಲ.

ಅಂತರಜಾಲದ ಮಾನಕಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಆರ್‌ಎಫ್‌ಸಿ 5853 ಎಂಬ ದಸ್ತಾವೇಜು ಈ ಸಾಧನದ ಏಳು ಕೆಲಸಗಳನ್ನು ವಿವರಿಸುತ್ತದೆ. ಅವುಗಳಲ್ಲಿ ಮೊದಲನೆಯದು, ಜಾಲದ ಒಳರಚನೆಯನ್ನು ಮರೆಮಾಚುವುದು, ಹೆಚ್ಚಿನ ಪರಿಶೀಲನೆಗೆ ಅರ್ಹವಾಗಿದೆ. ಕರೆಯನ್ನು ಆರಂಭಿಸುವ ‘ಇನ್‌ವೈಟ್’ ಸಂದೇಶದಲ್ಲಿ ‘ವಯಾ’ ಸಾಲುಗಳು ಆ ಸಂದೇಶ ಹಾದುಬಂದ ಸರ್ವರ್‌ಗಳನ್ನು ಒಂದೊಂದಾಗಿ ದಾಖಲಿಸುತ್ತವೆ. ‘ಕಾಂಟ್ಯಾಕ್ಟ್’ ಸಾಲು ಕರೆ ಮಾಡಿದ ಸಾಧನದ ನೇರ ವಿಳಾಸವನ್ನು ಹೇಳುತ್ತದೆ. ಕೆಳಗಿನ ಎಸ್‌ಡಿಪಿ ಭಾಗದ, ಅಂದರೆ ಧ್ವನಿ ವಿನಿಮಯದ ವಿವರಗಳಿರುವ ಭಾಗದ, ‘ಸಿ’ ಸಾಲು ಧ್ವನಿಯನ್ನು ಯಾವ ಐಪಿ ವಿಳಾಸಕ್ಕೆ ಕಳುಹಿಸಬೇಕೆಂದೂ ‘ಎಂ’ ಸಾಲು ಯಾವ ಪೋರ್ಟಿಗೆಂದೂ ತಿಳಿಸುತ್ತವೆ. ಕಂಟ್ರೋಲರ್ ವಯಾ ಸಾಲುಗಳನ್ನು ಅಳಿಸಿ, ಉಳಿದ ಕಡೆಗಳಲ್ಲಿ ತನ್ನದೇ ವಿಳಾಸವನ್ನು ಬರೆಯುತ್ತದೆ. ಇದರಿಂದ ಹೊರಗಿನ ದಾಳಿಕೋರನಿಗೆ ಒಳಗಿನ ಸರ್ವರ್‌ಗಳ ಸುಳಿವು ಸಿಗುವುದಿಲ್ಲ ಎಂಬುದು ನಿಜವಾದ ಲಾಭ. ಆದರೆ ಕಾಗದವನ್ನು ಒಡೆದು ನಕಲು ಮಾಡಿ ಹೊಸ ಲಕೋಟೆಯಲ್ಲಿ ಕಳುಹಿಸಿದರೆ ಮೊದಲಿನ ಮುದ್ರೆ ಉಳಿಯಲಾರದು. 2006ರ ಆರ್‌ಎಫ್‌ಸಿ 4474, ಕರೆ ಮಾಡಿದವರ ಗುರುತನ್ನು ಖಚಿತಪಡಿಸಲು ಎಸ್‌ಡಿಪಿಯನ್ನೂ ಒಳಗೊಂಡ ಡಿಜಿಟಲ್ ಸಹಿಯನ್ನು ಸೂಚಿಸಿತ್ತು. ಗಡಿಯಲ್ಲಿ ‘ಸಿ’ ಸಾಲು ಬದಲಾದೊಡನೆ ಆ ಸಹಿ ಅಸಿಂಧುವಾಗುತ್ತಿತ್ತು. ಫೋನ್ ನಂಬರಿನ ಪರವಾಗಿ ಸಹಿ ಹಾಕುವ ಹಕ್ಕು ಯಾರದೆಂಬ ಗೊಂದಲವೂ ಆ ಮಾನಕವನ್ನು ಕುಂಠಿತಗೊಳಿಸಿತೆಂಬುದು ದಿಟವೇ. ಆದರೂ 2018ರ ಆರ್‌ಎಫ್‌ಸಿ 8224, ಗಡಿಯಲ್ಲಿ ತಿದ್ದಲಾಗುವ ಭಾಗಗಳನ್ನು ಸಹಿಯ ವ್ಯಾಪ್ತಿಯಿಂದ ಹೊರಗಿಟ್ಟೇ ಮುಂದುವರಿಯಬೇಕಾಯಿತು. ಭದ್ರತೆಯ ಹೆಸರಿನ ಸಾಧನವೊಂದು ಗುರುತಿನ ಭದ್ರತೆಯನ್ನು ಹನ್ನೆರಡು ವರ್ಷ ತಡವಾಗಿಸಿದ ಕಾರಣಗಳಲ್ಲಿ ಒಂದಾದದ್ದು ಸಣ್ಣ ಆಕ್ಷೇಪವಲ್ಲ.

ಹಾಗೆಂದು ಈ ಸಾಧನವನ್ನೇ ತಿರಸ್ಕರಿಸುವ ಶುದ್ಧವಾದಿ ವಿಮರ್ಶಕರ ವಾದವನ್ನೂ ಒಪ್ಪಲಾಗದು. ಬುದ್ಧಿವಂತಿಕೆ ಎರಡು ತುದಿಗಳಲ್ಲಿರಬೇಕು, ನಡುವಿನ ಜಾಲ ಏನನ್ನೂ ಮುಟ್ಟಬಾರದು ಎಂಬ ಅವರ ತತ್ತ್ವ, ರೌಟರಿನ ಹಿಂದೆ ಖಾಸಗಿ ವಿಳಾಸದಲ್ಲಿರುವ ಫೋನಿನಲ್ಲಿ ಒಂದು ಕಡೆಯ ಮಾತು ಮಾತ್ರ ಕೇಳಿಸುತ್ತಿದ್ದ ತೊಂದರೆಗೆ ಸಕಾಲದಲ್ಲಿ ಉತ್ತರ ಕೊಡಲಿಲ್ಲ. ಕರೆಗಳನ್ನು ಜೋಡಿಸುವ ಸಿಪ್ ನಿಯಮಾವಳಿ 2002ರಲ್ಲೇ ಈಗಿನ ರೂಪ ಪಡೆದಿದ್ದರೂ, ಅವರು ಪರಿಹಾರವೆಂದು ತೋರಿಸುವ ಐಸ್ ವಿಧಾನ ಮಾನಕವಾಗಿ ಹೊರಬಂದದ್ದು 2010ರಲ್ಲಿ. ಕರೆಂಟ್ ಹೋಗಿ ಬಂದಾಗ ಒಂದು ಪ್ರದೇಶದ ಸಾವಿರಾರು ಸಾಧನಗಳು ಒಮ್ಮೆಗೇ ನೋಂದಣಿ ಕೋರಿದರೆ, ಆ ನೂಕುನುಗ್ಗಲನ್ನು ಗಡಿಯಲ್ಲೇ ಹಂತಹಂತವಾಗಿ ಒಳಬಿಡದ ಜಾಲ ಕುಸಿಯುತ್ತದೆ. ತತ್ತ್ವಕ್ಕೆ ಕಟ್ಟುಬಿದ್ದು ಇದನ್ನು ಕಡೆಗಣಿಸುವ ಟೀಕೆ, ಮಾರಾಟಗಾರರ ಹೊಗಳಿಕೆಯಷ್ಟೇ ಏಕಮುಖವಾದದ್ದು.

ಕೀರ್ತಿ ಸೋಲುವುದು ಕರೆ ಎತ್ತುವವರ ರಕ್ಷಣೆಯ ವಿಷಯದಲ್ಲಿ. ವಿದೇಶದಿಂದ ಭಾರತೀಯ ನಂಬರಿನ ಸೋಗಿನಲ್ಲಿ ಬರುವ ಕರೆಗಳನ್ನು ತಡೆಯುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 22ರಂದು ಆರಂಭಿಸಿತು. ಮೊದಲ 24 ಗಂಟೆಗಳಲ್ಲಿ ಸುಮಾರು 1.35 ಕೋಟಿ ಕರೆಗಳು ತಡೆಯಲ್ಪಟ್ಟವೆಂದು ಅದು ತಿಳಿಸಿತು. ಆ ನಂಬರಿನ ಗ್ರಾಹಕ ನಿಜವಾಗಿಯೂ ವಿದೇಶದಲ್ಲಿ ರೋಮಿಂಗ್‌ನಲ್ಲಿದ್ದಾನೆಯೇ ಎಂಬ ಮಾಹಿತಿ ಇಲ್ಲಿ ನಿರ್ಣಾಯಕವಾದದ್ದು, ಮತ್ತು ಅದನ್ನು ಗಡಿಯ ಸಾಧನ ತಾನಾಗಿ ತಿಳಿಯಲಾರದು. ಸಿಮ್ ಬಾಕ್ಸ್‌ಗಳ, ಅಂದರೆ ಹಲವು ಸಿಮ್‌ಗಳನ್ನು ಒಟ್ಟಿಗೆ ನಡೆಸಿ ಅಂತರಜಾಲ ಕರೆಗಳನ್ನು ಮೊಬೈಲ್ ಕರೆಗಳಾಗಿಸುವ ಸಾಧನಗಳ, ವಿಷಯದಲ್ಲಿ ಅದರ ಅಸಹಾಯಕತೆ ಇನ್ನೂ ಹೆಚ್ಚು. 2021ರ ಜೂನ್‌ನಲ್ಲಿ ಬೆಂಗಳೂರು ಪೊಲೀಸರು ಮತ್ತು ಸೇನೆಯ ಗುಪ್ತಚರ ವಿಭಾಗ ಪತ್ತೆಹಚ್ಚಿದ ಅಕ್ರಮ ವಿನಿಮಯ ಕೇಂದ್ರದಲ್ಲಿ ವಿದೇಶಿ ಕರೆಗಳು ಅಂತರಜಾಲದ ಮೂಲಕ ಬಂದು, ಸ್ಥಳೀಯ ಸಿಮ್‌ಗಳಿಂದ ಸಾಮಾನ್ಯ ಸ್ಥಳೀಯ ಕರೆಗಳಾಗಿ ಹೊರಡುತ್ತಿದ್ದವು. ಅಂಥ ಕರೆ ಅಂತರರಾಷ್ಟ್ರೀಯ ಗಡಿಯನ್ನು ಕರೆಯಾಗಿ ದಾಟುವುದೇ ಇಲ್ಲ. ಒಳಜಾಲದಲ್ಲಿ ಅದರ ಪ್ರತಿಯೊಂದು ಸಾಲೂ ನಿಯಮಬದ್ಧವಾಗಿಯೇ ಇರುತ್ತದೆ. ಒಂದೇ ಟವರ್‌ನಡಿ ಕದಲದೆ ಉಳಿದು, ಒಳಬರುವ ಕರೆಗಳಿಲ್ಲದೆ ಹೊರಹೋಗುವ ಕರೆಗಳನ್ನೇ ಮಾಡುವ ಸಿಮ್‌ಗಳನ್ನು ಹೆಕ್ಕಿ ತೆಗೆಯುವುದು ಅದನ್ನು ಹಿಡಿಯುವ ದಾರಿಗಳಲ್ಲೊಂದು, ಮತ್ತು ಸಿಮ್ ಯಾವ ಟವರ್‌ನಡಿ ಇದೆ ಎಂಬ ವಿವರ ಅಂತರರಾಷ್ಟ್ರೀಯ ಗಡಿಯ ಕಂಟ್ರೋಲರ್ ಬಳಿ ಇರುವುದಿಲ್ಲ.