ಹೂ ನೀಡುವ ಕೈ, ತಗ್ಗದ ಕಣ್ಣು

ಫ್ರೆಂಚ್ ಚಿತ್ರಕಾರ ಫ್ರೆಡ್ರಿಕ್ ಬಾಜೀಲ್ 1870ರಲ್ಲಿ ಪಿಯೊನಿ ಹೂಗಳ ಜೊತೆ ಒಬ್ಬ ಕಪ್ಪು ತರುಣಿಯ ಚಿತ್ರವನ್ನು ಎರಡು ಸಲ ಬರೆದ. ಒಂದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಇನ್ನೊಂದು ಅವನ ಹುಟ್ಟೂರು ಮೊಂಪೆಲಿಯೆಯ ಫಾಬ್ರ್ ಮ್ಯೂಸಿಯಂನಲ್ಲಿ. ಬೆಳಗಾವಿ ಜಿಲ್ಲೆಯ ಖಾನಾಪುರದವರಿಗೆ ಈ ಮುಖ ಪರಕೀಯವಲ್ಲ. ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಆಫ್ರಿಕಾ ಮೂಲದ ಸಿದ್ದಿಯರು ತಲೆಮಾರುಗಳಿಂದ ಬಾಳುತ್ತಿದ್ದಾರೆ. ಹಾಗಾಗಿ ಈ ಚಿತ್ರವನ್ನು ಬರೀ ಬಣ್ಣದ ಸೊಗಸೆಂದು ಮೆಚ್ಚಿ ಮುಂದೆ ಹೋಗಲು ನನಗೆ ಮನಸ್ಸು ಬಾರದು.

ಮೊಂಪೆಲಿಯೆಯ ಚಿತ್ರದಲ್ಲಿ ಅವಳು ಹೂದಾನಿಗೆ ಹೂ ಜೋಡಿಸುತ್ತಿದ್ದಾಳೆ, ನೋಟ ಕೆಲಸದ ಮೇಲಿದೆ. ಹೂರಾಶಿಯೇ ಚಿತ್ರವನ್ನು ಆಳುತ್ತದೆ, ಅವಳು ಅದರ ಸೇವಕಿಯಾಗಿ ಉಳಿಯುತ್ತಾಳೆ. ವಾಷಿಂಗ್ಟನ್ನಿನದರಲ್ಲಿ ಅವಳು ಹೂ ಮಾರುವವಳು. ತೋಳಲ್ಲಿ ಬುಟ್ಟಿ, ಮುಂಚಾಚಿದ ಕೈಯಲ್ಲಿ ಪಿಯೊನಿ. ಹಿನ್ನೆಲೆ ಮಂಕಾಗಿರುವುದರಿಂದ ದಳಗಳ ಗುಲಾಬಿ, ಬಿಳುಪು ಹೊಳೆಯುತ್ತವೆ. ಅಷ್ಟಿದ್ದರೂ ನಮ್ಮ ಕಣ್ಣು ಹೂವಿನಲ್ಲಿ ನಿಲ್ಲದು. ನೇರವಾಗಿ ನಮ್ಮನ್ನೇ ನೋಡುವ ಅವಳ ಗಂಭೀರ ಮುಖಕ್ಕೆ ಮರಳುತ್ತದೆ. ಗಿರಾಕಿಯ ಓಲೈಕೆ ಆ ಮುಖದಲ್ಲಿ ಇಲ್ಲ. ಎರಡರಲ್ಲಿ ಶ್ರೇಷ್ಠ ಕೃತಿ ಇದೇ.

ಇದಕ್ಕೂ ಮುಂಚೆ ಚಿತ್ರಕಾರ ಮಾನೆಯ ‘ಒಲಿಂಪಿಯಾ’ದಲ್ಲಿ ಕಪ್ಪು ಹೆಂಗಸು ಬಿಳಿ ಹೆಣ್ಣಿನ ಹಿಂದೆ ಹೂಗುಚ್ಛ ಹಿಡಿದು ನಿಂತಿದ್ದಳು. ಬಾಜೀಲ್ ಅಂಥವಳನ್ನು ಮುಂದಕ್ಕೆ ತಂದ. ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾಗಿ ಆಗ 22 ವರ್ಷವಷ್ಟೇ ಆಗಿತ್ತು. ಚಿತ್ರ ಬರೆದ ವರ್ಷದ ನವೆಂಬರಿನಲ್ಲೇ ಬಾಜೀಲ್ ಯುದ್ಧದಲ್ಲಿ ಸತ್ತ. ಅವನ ಗೆಳೆಯರಾದ ಇಂಪ್ರೆಷನಿಸ್ಟರ ಮೊದಲ ಪ್ರದರ್ಶನ ನಡೆದದ್ದು ಅವನ ಸಾವಿನ ನಂತರ, 1874ರಲ್ಲಿ. ಬೆಳಕಿನ ಆಟದಲ್ಲಿ ಮೊನೆ, ರೆನ್ವಾರ್ ಅವನಿಗಿಂತ ಮುಂದೆ ಹೋದರು, ನಿಜ. ಎದುರಿಗೆ ಕೂತ ಮನುಷ್ಯರನ್ನು ಅಲಂಕಾರವಾಗಿಸದ ಅವನ ಸಂಯಮ ಅದಕ್ಕಿಂತ ಅಪರೂಪದ್ದು.

ಕೊರತೆಯೂ ಇದೆ. ಚಿತ್ರದ ಆ ಹೆಣ್ಣಿಗೆ ಘನತೆ ಸಿಕ್ಕಿತು, ಹೆಸರು ಸಿಗಲಿಲ್ಲ. ಚಿತ್ರಕಾರ ಯಾರೆಂಬುದು ಜಗತ್ತಿಗೇ ಗೊತ್ತು, ಅವಳು ಬರೀ ‘ತರುಣಿ’. ನಮ್ಮ ಕಡೆಯೂ ಮನ್ನಣೆ ತಡವಾಗಿಯೇ ಬಂದಿದೆ: ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರೆ, ಬೆಳಗಾವಿ, ಧಾರವಾಡದವರು 2020ರವರೆಗೆ ಕಾಯಬೇಕಾಯಿತು. ಸಿದ್ದಿ ಹೆಣ್ಣುಮಕ್ಕಳು ಮಾತ್ರ ಯಾರ ಕುಂಚಕ್ಕೂ ಕಾದವರಲ್ಲ. ಹಳೆ ಬಟ್ಟೆಯಿಂದ ಕೌದಿ ಹೊಲಿಯುವಾಗ ಮೂಲೆಗಳಿಗೆ ‘ಫುಲ’ ಎಂಬ ಹೂಗಳನ್ನಿಡದೆ ಅವರು ಕೆಲಸ ಮುಗಿಸುವುದಿಲ್ಲ. ಆ ಹೂ ಅವರದೇ ರಚನೆ.

ಕೆ.ಬಿ. ಕುಲಕರ್ಣಿಯವರಂಥ ಭಾವಚಿತ್ರಕಾರರು ಬಾಳಿದ ಊರು ಬೆಳಗಾವಿ. ಅಲ್ಲಿನ ಕಲಾವಿದರು ಬಾಜೀಲ್‌ನಿಂದ ಆ ನೇರ ನೋಟವನ್ನು ಕಲಿಯಲಿ. ಅವನು ಬಿಟ್ಟದ್ದನ್ನೂ ತುಂಬಲಿ: ಸಿದ್ದಿ ತರುಣಿಯನ್ನು ಚಿತ್ರಿಸುವಾಗ ಅವಳ ಒಪ್ಪಿಗೆ ಕೇಳಿ, ಹೆಸರನ್ನೂ ಬರೆಯಲಿ.