ಗಂಜಿನ ಬಳಿ ಇರುವವನ ಉತ್ತರ

ಆದಿಲ್ ಶಾಹಿಗಳ ಕಾಲದಲ್ಲಿ ತೊರವಿಯ ನೀರು ವಿಜಯಪುರಕ್ಕೆ ನೆಲದೊಳಗಿನ ಸುರಂಗದಲ್ಲಿ ಹರಿಯುತ್ತಿತ್ತು. ಊರೊಳಗೆ ಅದರ ಒತ್ತಡ ತಗ್ಗಿಸಲು ಗಂಜ್ ಎಂಬ ಕಲ್ಲಿನ ಗೋಪುರಗಳಿದ್ದವು. ನೀರು ರಾಡಿಯಾಗಿ ಬಂದರೆ ಮಂದಿ ಬೈಯುವುದು ಕಣ್ಣಿಗೆ ಬೀಳುವ ಗಂಜಿನವನನ್ನು. ಹಿಂದೆ ಸುರಂಗದಲ್ಲಿ ಯಾರು ಕಲಕಿದರೋ, ಅವನಿಗೇನು ಗೊತ್ತು?

ಬಳಸುವವರ ಗುರುತು ಮರೆಸುವ ಟಾರ್ ಜಾಲದಲ್ಲಿ ಎಕ್ಸಿಟ್ ರಿಲೇ, ಅಂದರೆ ಸಂಪರ್ಕ ಹೊರಬೀಳುವ ಕೊನೆಯ ಸರ್ವರ್, ನಡೆಸುವವನ ಪಾಡೂ ಇದೇ. ಬಳಕೆದಾರನ ಸಂಪರ್ಕ ಸಾಮಾನ್ಯವಾಗಿ ಮೂರು ರಿಲೇ ದಾಟುತ್ತದೆ. ಒಂದೊಂದಕ್ಕೂ ತನ್ನ ಹಿಂದಿನದು, ಮುಂದಿನದು ಮಾತ್ರ ಗೊತ್ತು. ಯಾರೋ ಯಾವುದೋ ಸರ್ವರಿನ ಪಾಸ್‌ವರ್ಡ್ ಒಡೆಯಲು ಕೂತರೆ ಅಲ್ಲಿ ದಾಖಲಾಗುವುದು ಕೊನೆಯ ರಿಲೇಯ ಐಪಿ ವಿಳಾಸ. ದೂರು ಬಹುಪಾಲು ಸರ್ವರ್ ಬಾಡಿಗೆ ಕೊಟ್ಟ ಕಂಪನಿಗೆ ಹೋಗುತ್ತದೆ, ಕಂಪನಿ ಇವನ ಕುತ್ತಿಗೆಗೆ ಬರುತ್ತದೆ.

ಇದಕ್ಕೆಂದೇ ಟಾರ್ ಬಳಗದವರು ಮಾದರಿ ಉತ್ತರಗಳನ್ನು ಬರೆದಿಟ್ಟಿದ್ದಾರೆ. ಪಾಸ್‌ವರ್ಡ್ ದಾಳಿಗೆ ಒಂದು, ಸ್ಪ್ಯಾಮಿಗೆ ಒಂದು. ಅವು ಬರೀ ಕೈತೊಳೆದುಕೊಳ್ಳುವುದಿಲ್ಲ ಎಂಬುದು ನನಗೆ ಮೆಚ್ಚುಗೆ. ಎಕ್ಸಿಟ್ ವಿಳಾಸಗಳ ಪಟ್ಟಿ ಬಹಿರಂಗವಾಗಿಯೇ ಇದೆ, ಬೇಕಾದರೆ ನಾಲ್ಕು ದಿನ ತಡೆಯಿರಿ ಎನ್ನುತ್ತವೆ. ರಿಲೇ ನಡೆಸುವವನೂ ಸೆಟ್ಟಿಂಗ್ಸ್ ಕಡತದಲ್ಲಿ ಒಂದು ಸಾಲು ಸೇರಿಸಿದರೆ ಸಾಕು: ‘ಎಕ್ಸಿಟ್‌ಪಾಲಿಸಿ ರಿಜೆಕ್ಟ್’, ಮುಂದೆ ದೂರಿದವರ ಐಪಿ, ಪೋರ್ಟ್ ಸಂಖ್ಯೆ. ಅವನ ಕಡೆಯಿಂದ ಆ ದಾರಿ ಮುಚ್ಚಿತು. ಇಮೇಲ್ ಸ್ಪ್ಯಾಮಿನ 25ನೇ ಪೋರ್ಟಂತೂ ಮೊದಲೇ ಮುಚ್ಚಿರುತ್ತದೆ.

ಆದರೆ ದೂರುವವರೂ ಸರ್ವರ್ ನೋಡಿಕೊಳ್ಳುವವರೇ ಎಂಬ ನಂಬಿಕೆಯ ಮೇಲೆ ಈ ಪತ್ರಗಳು ನಿಂತಿವೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಅದು ಟಾರ್ ಮೂಲಕ ಬಂತೆಂದು ನಾನು ಹೇಳುತ್ತಿಲ್ಲ. ಅಂಥ ಬೆಳಗ್ಗೆ ಮಕ್ಕಳನ್ನು ಮೈದಾನಕ್ಕೆ ಕಳಿಸಿ ನಿಂತ ಹೆಡ್‌ಮಾಸ್ಟರಿಗೆ ಈ ಪತ್ರಗಳ ‘ನಮ್ಮಲ್ಲಿ ಲಾಗ್ (ಸಂಪರ್ಕಗಳ ದಾಖಲೆ) ಇರುವುದಿಲ್ಲ’ ಎಂಬ ಸಾಲು ಹೇಗೆ ಕೇಳಿಸೀತು? ನಿಜವೇ, ಆದರೆ ಉದ್ಧಟತನದಂತೆ ಕೇಳುತ್ತದೆ.

ನಮ್ಮಲ್ಲಿ ಆ ಸಾಲಿಗೆ ಇನ್ನೊಂದು ತೊಡಕೂ ಇದೆ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಮಧ್ಯವರ್ತಿಗಳು 180 ದಿನದ ಲಾಗ್ ಇಡಬೇಕೆನ್ನುತ್ತದೆ. ಐಟಿ ಕಾಯ್ದೆಯಲ್ಲಿ ಮಧ್ಯವರ್ತಿ ಎಂಬುದರ ಅರ್ಥ ಎಷ್ಟು ಅಗಲವೆಂದರೆ, ಮನೆಯಲ್ಲಿ ರಿಲೇ ಇಟ್ಟವನನ್ನೂ ಅದರೊಳಗೆ ಎಳೆಯಬಹುದು. ಗುರುತು ಮರೆಸುವ ಸೇವೆಗಳ ವಿಷಯದಲ್ಲಿ ನ್ಯಾಯಾಲಯದ ಗಾಳಿಯೂ ಬೇರೆ. ಅಶ್ಲೀಲ ಇಮೇಲ್‌ಗಳ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ 2025ರ ಏಪ್ರಿಲ್ 29ರಂದು, ಪ್ರೋಟಾನ್ ಮೇಲ್ ಎಂಬ ಗೂಢಲಿಪಿ ಇಮೇಲ್ ಸೇವೆಯನ್ನೇ ನಿರ್ಬಂಧಿಸುವ ಕ್ರಮಕ್ಕೆ ಮುಂದಾಗಿ ಎಂದು ಕೇಂದ್ರಕ್ಕೆ ಸೂಚಿಸಿತು.

ಮಾಸ್ಕೋದ ಗಣಿತ ಮೇಷ್ಟ್ರು ದ್ಮಿತ್ರಿ ಬೊಗಾತೊವ್ ಮನೆಯಲ್ಲೇ ಎಕ್ಸಿಟ್ ನಡೆಸಿದವರು. ಅವರ ಐಪಿಯಿಂದ ಯಾರೋ ಹಾಕಿದ ಬರಹಕ್ಕಾಗಿ 2017ರ ಏಪ್ರಿಲ್‌ನಲ್ಲಿ ಅವರ ಬಂಧನವಾಯಿತು. ಆರೋಪ ಬಿದ್ದುಹೋಗಲು ಮರುವರ್ಷ ಬರಬೇಕಾಯಿತು. ಪೊಲೀಸರು ಬಾಗಿಲು ತಟ್ಟಿದಾಗ ಮಾದರಿ ಪತ್ರ ಯಾರು ಓದುತ್ತಾರೆ? ಅಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಟಾರ್ ಬಳಗದ ‘ಎಕ್ಸೊನೆರೇಟರ್’ ಎಂಬ ಜಾಲಪುಟ. ಐಪಿ, ದಿನಾಂಕ ಕೊಟ್ಟರೆ ಆ ಹೊತ್ತಿಗೆ ಅದು ಟಾರ್ ರಿಲೇ ಆಗಿತ್ತೋ ಇಲ್ಲವೋ ಹೇಳುತ್ತದೆ. ನಮ್ಮ ಸೈಬರ್ ಠಾಣೆಗಳ ಮೇಜಿನ ಮೇಲೆ ಇರಬೇಕಾದ ಹಾಳೆ ಅದು.

ಹಾಗಾಗಿ ಟಾರ್ ಬಳಗದ ಸಲಹೆಗಳಲ್ಲಿ ನನಗೆ ಗಟ್ಟಿ ಅನ್ನಿಸುವುದು ದೂರು ಬರುವ ಮೊದಲಿನ ಭಾಗ: ಮನೆಯ ಸಂಪರ್ಕ ಬಳಸಬೇಡಿ, ಕಂಪನಿಗೆ ಮೊದಲೇ ಹೇಳಿ, ಐಪಿ ತೆರೆದರೆ ‘ಇದು ಟಾರ್ ಎಕ್ಸಿಟ್’ ಎಂಬ ಪುಟ ಕಾಣುವಂತೆ ಮಾಡಿ. ತೊರವಿಯ ಹುಡುಗನೋ ಹುಡುಗಿಯೋ ಕೇಳಿದರೆ ನಾನು ಎಕ್ಸಿಟ್ ಬೇಡ ಎನ್ನುತ್ತೇನೆ. ನಡುವಿನ ರಿಲೇ ಇಡಲಿ. ಅದು ಹೊಲದಡಿಯ ಸುರಂಗದ ಹಾಗೆ, ನೀರು ಅಲ್ಲಿ ಹೊರಗೆ ಬೀಳುವುದೇ ಇಲ್ಲ.