ಮನೆ ಯಾರದು? ಎಂ.ಎಸ್. ಸತ್ಯು ಅವರ ಸಿನಿಮಾ ಕೇಳುವ ಪ್ರಶ್ನೆ

ದೆಹಲಿಯ ಓಲ್ಡ್ ರಾಜಿಂದರ್ ನಗರ ಅಂದ್ರೆ ಈಗ ನಿಮಗೆ ನೆನಪಾಗೋದು ಯುಪಿಎಸ್‌ಸಿ ಕೋಚಿಂಗ್, ಇಕ್ಕಟ್ಟಿನ ಪಿಜಿ ರೂಮು, ನೋಟ್ಸ್ ಅಂಗಡಿ. ನಮ್ಮ ಕಡೆಯಿಂದಲೂ ಅಲ್ಲಿಗೆ ಹೋಗಿ ಓದುವವರಿದ್ದಾರೆ. ಆದರೆ ಆ ಬಡಾವಣೆ ಹುಟ್ಟಿದ್ದು ಪರೀಕ್ಷೆಗಾಗಿ ಅಲ್ಲ. ದೇಶ ಒಡೆದಾಗ ಗಡಿಯಾಚೆ ಮನೆಮಠ ಬಿಟ್ಟು ಬಂದ ನಿರಾಶ್ರಿತರು ನೆಲೆ ಕಂಡ ಜಾಗ ಅದು. ಅದೇ ಹೊತ್ತಿಗೆ ಗಡಿಯ ಈಚೆ, ಇಲ್ಲೇ ಉಳಿದೂ ಮನೆ ಕಳಕೊಂಡವರಿದ್ದರು. ಅವರ ಕತೆಯನ್ನು ತೆರೆಗೆ ತಂದವರು ಮೈಸೂರಿನ ಎಂ.ಎಸ್. ಸತ್ಯು.

1930ರಲ್ಲಿ ಹುಟ್ಟಿದ ಸತ್ಯು ರಂಗಸಜ್ಜಿಕೆಯ ಕಲಾವಿದರಾಗಿ ಬೆಳೆದವರು. ‘ಹಕೀಕತ್’ ಚಿತ್ರದ ಕಲಾ ನಿರ್ದೇಶನಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಪಡೆದರು. ಈ ಹಿನ್ನೆಲೆ ಮುಖ್ಯ. ಯಾಕಂದ್ರೆ ಅವರ ‘ಗರ್ಮ್ ಹವಾ’ದಲ್ಲಿ (1973) ಆಗ್ರಾದ ಹವೇಲಿಯೇ ಒಂದು ಪಾತ್ರ. ಇಸ್ಮತ್ ಚುಗ್ತಾಯಿ ಅವರ ಅಪ್ರಕಟಿತ ಕತೆಯನ್ನು ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರಕತೆ ಮಾಡಿದರು. ಇಶಾನ್ ಆರ್ಯ ಅವರ ಕ್ಯಾಮೆರಾ ಸೆಟ್ಟಿನೊಳಗೆ ಕೂರದೆ ಆಗ್ರಾದ ನಿಜವಾದ ಮನೆ, ಬೀದಿಗಳಲ್ಲೇ ಓಡಾಡಿತು.

ಚಪ್ಪಲಿ, ಬೂಟು ತಯಾರಿಸುವ ಸಲೀಂ ಮಿರ್ಜಾ ಊರು ಬಿಡಲ್ಲ ಅಂತಾರೆ. ಆದರೆ ಹವೇಲಿ ಇರೋದು ಪಾಕಿಸ್ತಾನಕ್ಕೆ ಹೋದ ಅಣ್ಣನ ಹೆಸರಲ್ಲಿ. ಹಾಗಾಗಿ ಅದು ದೇಶ ಬಿಟ್ಟವರ ಆಸ್ತಿಯ ಲೆಕ್ಕಕ್ಕೆ ಸೇರುತ್ತದೆ. ಮುದುಕಿ ತಾಯಿ ಹೊರಡಲೊಲ್ಲದೆ ಸೌದೆ ಕೋಣೆಯಲ್ಲಿ ಅಡಗಿಕೊಳ್ಳುತ್ತಾಳೆ. ಇಲ್ಲಿ ಯಾರೂ ಮನೆಗೆ ಬೆಂಕಿ ಹಚ್ಚುವುದಿಲ್ಲ. ಒಂದು ಕಾಗದ ಸಾಕು. ಗಲಭೆಗಿಂತ ತಣ್ಣಗಿರುವ ಈ ಹಿಂಸೆಯನ್ನು ತೋರಿಸಿದ್ದೇ ಚಿತ್ರದ ದೊಡ್ಡ ಸಾಧನೆ.

ಇನ್ನೊಂದು ಮಾತು. ಹವೇಲಿ ಸೇರುವುದು ಸಿಂಧಿನಿಂದ ಬಂದ ಅಜ್ಮಾನಿಯ ಕೈಗೆ. ಎ.ಕೆ. ಹಾನಗಲ್ ಮಾಡಿದ ಈ ಪಾತ್ರ ಖಳನಲ್ಲ. ಅವನೂ ಕಳಕೊಂಡು ಬಂದವನೇ. ಸಾಯುವ ತಾಯಿಯನ್ನು ಪಲ್ಲಕ್ಕಿಯಲ್ಲಿ ಅದೇ ಹವೇಲಿಗೆ ಕರೆತರುವ ದೃಶ್ಯ ನೋಡಿ. ರಾಜಿಂದರ್ ನಗರದ ಮೊದಲ ನಿವಾಸಿಗಳ ನೋವನ್ನು ಕಡಿಮೆ ಮಾಡದೆ ಸಲೀಂ ನೋವನ್ನು ಹೇಳುವುದು ಸತ್ಯು ಅವರಿಗೆ ಸಾಧ್ಯವಾಯಿತು.

ಕೊರತೆಯೂ ಇದೆ. ಎರಡು ಬಾರಿ ಮದುವೆ ಮುರಿದ ಮಗಳು ಅಮೀನಾಗೆ ಸಾವು ಬಿಟ್ಟು ಬೇರೆ ದಾರಿಯನ್ನು ಚಿತ್ರ ಯೋಚಿಸುವುದೇ ಇಲ್ಲ. ಅವಳ ತಮ್ಮ ಸಿಕಂದರ್‌ಗೆ, ಕೊನೆಗೆ ತಂದೆಗೂ, ಕೆಲಸ ಕೇಳುವ ಮೆರವಣಿಗೆ ಇದೆ. ಅವಳಿಗೆ ಅದೂ ಇಲ್ಲ. ಆ ಮೆರವಣಿಗೆಯ ಭರವಸೆಯೂ ಸ್ವಲ್ಪ ಅವಸರದಲ್ಲೇ ಬಂದ ಹಾಗಿದೆ. ಆದರೆ ಸುಳ್ಳಲ್ಲ: ನಿರುದ್ಯೋಗಕ್ಕೆ ಜಾತಿ, ಧರ್ಮ ಇಲ್ಲ ಅನ್ನೋದು ಇವತ್ತಿಗೂ ನಿಜ.

ಕೋಮು ಗಲಭೆ ಆದೀತೆಂಬ ಹೆದರಿಕೆಯಿಂದ ಸೆನ್ಸಾರ್ ಚಿತ್ರವನ್ನು ತಿಂಗಳುಗಟ್ಟಲೆ ತಡೆಹಿಡಿಯಿತು. ಕೊನೆಗೆ ಮೊದಲು ಬಿಡುಗಡೆಯಾದದ್ದು ಬೆಂಗಳೂರಿನಲ್ಲಿ. ಗಲಭೆ ಆಗಲಿಲ್ಲ. ರಾಷ್ಟ್ರೀಯ ಭಾವೈಕ್ಯಕ್ಕೆ ನೀಡುವ ರಾಷ್ಟ್ರ ಪ್ರಶಸ್ತಿ ಬಂತು. 1975ರಲ್ಲಿ ಸತ್ಯು ಅವರಿಗೆ ಪದ್ಮಶ್ರೀ.

ಕನ್ನಡದಲ್ಲಿ ಅವರು ‘ಕನ್ನೇಶ್ವರ ರಾಮ’, ‘ಚಿತೆಗೂ ಚಿಂತೆ’, ‘ಗಳಿಗೆ’, ‘ಇಜ್ಜೋಡು’ ಮಾಡಿದರು. ಅಧಿಕಾರಿ ಆಗಬೇಕು ಅಂತಿರುವ ನೀವು ನೋಡಲೇಬೇಕಾದ್ದು ‘ಬರ’. ಯು.ಆರ್. ಅನಂತಮೂರ್ತಿ ಅವರ ಕತೆ, ಅನಂತ್ ನಾಗ್ ಅಭಿನಯ. ಪ್ರಾಮಾಣಿಕ ಜಿಲ್ಲಾಧಿಕಾರಿಯೊಬ್ಬ ಜಿಲ್ಲೆಯನ್ನು ಬರಪೀಡಿತ ಅಂತ ಘೋಷಿಸಿ ಎಂದರೂ, ರಾಜಕಾರಣಿಗಳ ಲೆಕ್ಕಾಚಾರ ಬೇರೆಯೇ ಇರುತ್ತದೆ.

ಎರಡೂ ಚಿತ್ರಗಳನ್ನು ಒಟ್ಟಿಗೆ ನೋಡಿ. ‘ಗರ್ಮ್ ಹವಾ’ದಲ್ಲಿ ನೀವು ಕಾಗದದ ಕೆಳಗೆ ಸಿಕ್ಕಿಬಿದ್ದವರ ಜೊತೆ ನಿಲ್ಲುತ್ತೀರಿ, ‘ಬರ’ದಲ್ಲಿ ಅದಕ್ಕೆ ಸಹಿ ಹಾಕುವವನ ಜೊತೆ. ನಾಳೆ ಆ ಕುರ್ಚಿ ನಿಮಗೇ ಸಿಕ್ಕರೆ, ಮುಂದಿರುವ ಕಡತದೊಳಗೆ ಸೌದೆ ಕೋಣೆಯಲ್ಲಿ ಅಡಗಿದ ಒಬ್ಬಳು ಅಜ್ಜಿ ಇರಬಹುದು. ಸಹಿ ಹಾಕೋ ಮೊದಲು ಹುಡುಕಿ.